ಆರು ಗಂಟೆಯ ಮದುವೆ, ಆರು ನಿಮಿಷದ ವಿಡಿಯೋ

ಮದ್ದೂರಿನಲ್ಲಿ ಮದುವೆ ವಿಡಿಯೋ ತೆಗೆಯುವ ನಾನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಗಿರಾಕಿಗಳೇ ಅಂಗಡಿಗೆ ಬಂದು ನಗಿಸಿ ಹೋಗುತ್ತಾರೆ. ಆರು ಗಂಟೆಯ ವಿಡಿಯೋವನ್ನು ತಾನೇ ನೋಡಿ, ಮುಖ್ಯವಾದದ್ದನ್ನು ಆರಿಸಿ, ಆರು ನಿಮಿಷಕ್ಕೆ ಇಳಿಸುವ ನ್ಯೂರಲ್ ನೆಟ್‌ವರ್ಕ್ ಸಾಫ್ಟ್‌ವೇರ್ ತಂದ ಮೇಲಂತೂ ಇದು ಜಾಸ್ತಿಯಾಗಿದೆ. ನನಗೆ ಅದರ ಮೇಲೆ ಪೂರ್ತಿ ನಂಬಿಕೆ. ಗಿರಾಕಿಗಳಿಗೆ ಬರುವುದು ಸ್ವಲ್ಪ ತಡ, ಅಷ್ಟೆ.

ತಾಳಿ ಎಲ್ಲಿ?

ಮೊದಲ ಪ್ರಯೋಗ ಸೋಮನಹಳ್ಳಿಯ ಮದುವೆ. ತಾಳಿ ಕಟ್ಟುವ ಹೊತ್ತಿಗೆ ನೆಂಟರೆಲ್ಲ ಎದ್ದು ಕ್ಯಾಮೆರಾಗೆ ಅಡ್ಡ ನಿಂತಿದ್ದರು. ಬರೀ ಬೆನ್ನುಗಳನ್ನು ಕಂಡ ಯಂತ್ರ, ಇದು ಮುಖ್ಯವಲ್ಲ ಅಂತ ತೀರ್ಮಾನಿಸಿ ತಾಳಿಯನ್ನೇ ಬಿಟ್ಟುಬಿಟ್ಟಿತು. ಐಸ್‌ಕ್ರೀಂ ತಿನ್ನುವುದು ಮಾತ್ರ ಚೆನ್ನಾಗಿ ಬಂದಿತ್ತು.

ಮದುಮಗ ಗಾಬರಿಯಾದ. "ಅಣ್ಣ, ಇದ್ರಲ್ಲಿ ನಮ್ ಮದ್ವೆನೇ ಆಗಿಲ್ವಲ್ಲ!"

ಪಕ್ಕದಲ್ಲಿದ್ದ ಮದುಮಗಳು ಶಾಂತವಾಗಿ ಹೇಳಿದಳು: "ಅಂಗಾದ್ರೆ ಇನ್ನೊಂದ್ ಸರ್ತಿ ಯೋಚ್ನೆ ಮಾಡ್ಬೌದು ಬುಡಿ."

ಎರಡು ಮಾತು

ಆತಗೂರಿನ ಸನ್ಮಾನ ಸಮಾರಂಭದಲ್ಲಿ ಮುಖ್ಯ ಅತಿಥಿ ಒಂದೂವರೆ ಗಂಟೆ ಮಾತಾಡಿದರು. ಯಂತ್ರ ಉಳಿಸಿಕೊಂಡದ್ದು "ಎಲ್ಲರಿಗೂ ನಮಸ್ಕಾರ", ಆಮೇಲೆ "ಇಷ್ಟು ಹೇಳಿ ನನ್ನ ಎರಡು ಮಾತು ಮುಗಿಸುತ್ತೇನೆ". ಅವರ ಹೆಂಡತಿಯಿಂದ ಫೋನ್ ಬಂತು. ಬೈಸಿಕೊಳ್ಳಲು ಸಿದ್ಧನಾದೆ. ಆಯಮ್ಮ ಕೇಳಿದ್ದು ಒಂದೇ: "ಇದ್ನ ಮನೇಲಿ ಫಿಟ್ ಮಾಡ್ಸಕ್ಕಾಯ್ತದಾ?"

ಬೀಗರೂಟ

ಬೆಳಕವಾಡಿಯವರೊಬ್ಬರು ಮಗಳ ಮದುವೆಯಾದ ಮೇಲೆ ಬೀಗರೂಟ ಹಾಕಿಸಿದ್ದರು. ಅದರ ವಿಡಿಯೋ ತೆಗೆದದ್ದೂ ನಾನೇ. ಅಲ್ಲಿ ತನ್ನನ್ನು ಯಾರೂ ಊಟಕ್ಕೆ ಕರೆಯಲಿಲ್ಲವೆಂದು ಹುಡುಗನ ದೊಡ್ಡಪ್ಪ ಮುನಿಸಿಕೊಂಡ. ಹುಡುಗಿಯ ತಂದೆ ತಪ್ಪೊಪ್ಪಿಕೊಳ್ಳುವ ತನಕ ಸೊಸೆಯನ್ನು ತವರಿಗೆ ಕಳಿಸಕೂಡದು ಅಂತ ಪಟ್ಟು ಹಿಡಿದ. ಮಗಳ ಮುಖ ನೋಡಿ ತಿಂಗಳಾಯಿತು ಅಂತ ಆ ತಂದೆ ನನ್ನ ಅಂಗಡಿಯಲ್ಲಿ ಕಣ್ಣೊರೆಸಿಕೊಂಡರು. ನನಗೂ ಸಂಕಟವಾಯಿತು. ಯಂತ್ರಕ್ಕೆ ದೊಡ್ಡಪ್ಪನ ಮುಖ ತೋರಿಸಿ, ಇವರಿರುವುದನ್ನೆಲ್ಲ ಆರಿಸು ಅಂದೆ. ಯಾರಾದರೂ ಒಬ್ಬರು ಕರೆದದ್ದು ಸಿಕ್ಕರೆ ಸಾಕಿತ್ತು. ಎಷ್ಟು ನಂಬಿಕೆಯೆಂದರೆ, ನಾನು ಮೊದಲೇ ನೋಡಲೂ ಇಲ್ಲ.

ಮಳವಳ್ಳಿಯಲ್ಲಿ ಹುಡುಗನ ಮನೆಯ ಟಿವಿಗೆ ಹಾಕಿದೆವು. ಕರೆದವರು ಒಬ್ಬರೂ ಇಲ್ಲ. ದೊಡ್ಡಪ್ಪ ಮೊದಲ ಪಂಕ್ತಿಯಲ್ಲಿ ಮುದ್ದೆ ಮುರಿಯುತ್ತಿದ್ದ, ಎರಡನೆಯದರಲ್ಲಿ ಮೂಳೆ ಚೀಪುತ್ತಿದ್ದ, ಮೂರನೆಯದರಲ್ಲಿ ಇನ್ನೊಂದು ಸೌಟು ಹಾಕು ಅಂತ ಕೈ ತೋರಿಸುತ್ತಿದ್ದ. ಮನೆಯವರೆಲ್ಲ ಟಿವಿ ಬಿಟ್ಟು ದೊಡ್ಡಪ್ಪನ ಕಡೆ ತಿರುಗಿದರು.

ಹುಡುಗಿಯ ತಂದೆ ಮೆಲ್ಲಗೆ, "ಮೂರ್ ಪಂತೀಲೂ ಉಂಡಿದ್ದೀರಲ್ಲ ಬೀಗ್ರೇ?" ಅಂದರು.

ದೊಡ್ಡಪ್ಪ ಜಗ್ಗಲಿಲ್ಲ. "ಉಂಡಿಲ್ಲ ಅಂದ್ನಾ? ಕರೀನಿಲ್ಲ ಅಂದೆ. ಕರೀದೇನೇ ಮೂರ್ ಸರ್ತಿ ಉಂಡಿವ್ನಿ ಕಣಯ್ಯ. ಕರ್ದಿದ್ರೆ ನಿನ್ ಗತಿ ಏನಾಗದು?"

"ತಪ್ಪಾಯ್ತು ಬೀಗ್ರೇ. ಭಾನ್ವಾರ ಬನ್ನಿ, ಬಾಗ್ಲಲ್ಲಿ ನಿಂತು ನಾನೇ ಕರೀತೀನಿ."

"ಅಂಗಾದ್ರೆ ಮಗಳ್ನ ಇವತ್ತೇ ಕರ್ಕಂಡೋಗು. ನಾನ್ ಬತ್ತೀನಿ ಅಂದ್ಮೇಲೆ ನಿಮ್ಮನೇಲಿ ಅಡ್ಗೆಗೆ ಜನ ಸಾಲಾಕಿಲ್ಲ."