ಹೆಸರಿದ್ದವರ ಮನೆಗೆ ಪಾತ್ರೆ

ಮನುಷ್ಯನಿಗೆ ಬಾಯಿ ಮತ್ತು ಕೈ ಎರಡನ್ನೂ ಕೊಟ್ಟ ದೇವರು ಎರಡಕ್ಕೂ ಬೇರೆ ಬೇರೆ ವೈರು ಎಳೆದಿರುತ್ತಾನೆ. ನನ್ನ ಸರದಿ ಬಂದಾಗ ಮಾತ್ರ ವೈರು ಸಾಲದೆ ಒಂದರಲ್ಲೇ ಎರಡನ್ನೂ ಮುಗಿಸಿದ್ದಾನೆ ಎಂಬುದು ನನ್ನ ಬಹುಕಾಲದ ಅನುಮಾನ. ಮಸ್ಕಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಸ್ಟೀಲ್ ಪಾತ್ರೆ ಅಂಗಡಿಯಿದೆ. ಮದುವೆಗೋ ಮನೆ ಓಪನಿಂಗಿಗೋ ಪಾತ್ರೆ ಕೊಂಡವರು ಅದರ ಮೇಲೆ ಹೆಸರು ಹಾಕಿಸದೆ ಒಯ್ಯುವುದಿಲ್ಲ. ಗರ್ರ್ ಎನ್ನುವ ಸಣ್ಣ ಮಷಿನ್ನನ್ನು ಪೆನ್ನಿನಂತೆ ಹಿಡಿದು ಆ ಹೆಸರು ಕೊರೆಯುವವನು ನಾನೇ. ನನ್ನ ಅಕ್ಷರ ದುಂಡಗಿದೆಯೆಂದು ಲಿಂಗಸುಗೂರಿನಿಂದಲೂ ಜನ ಬರುತ್ತಾರೆ. ಆದರೆ ಗಿರಾಕಿ ಎದುರಿಗೆ ಕೂತರೆ ನನಗೆ ಸುಮ್ಮನಿರಲು ಬರುವುದಿಲ್ಲ. ಮಾತು ಯಾರ ಬಗ್ಗೆ ಹೊರಳುತ್ತದೋ ಮಷಿನ್ನೂ ಅವರ ಕಡೆಗೇ ಹೊರಳುತ್ತದೆ.

ಒಮ್ಮೆ ಸಂತೆಕಲ್ಲೂರಿನ ಒಬ್ಬರು ತಂಗಿಗೆ ಕೊಡಲೆಂದು ದೊಡ್ಡದೊಂದು ಕೊಡ ಆರಿಸಿಕೊಂಡು ಕೂತರು. ಹೊಲದ ಬದುವಿನ ವಿಷಯಕ್ಕೆ ದೊಡ್ಡಪ್ಪನ ಮಗ ಅಮರೇಗೌಡ ತನ್ನನ್ನು ಎಷ್ಟು ಗೋಳು ಹೊಯ್ದುಕೊಳ್ಳುತ್ತಿದ್ದಾನೆಂದು ಅವರು ಹೇಳುತ್ತ ಹೋದರು, ನಾನು ಕೆದಕಿ ಕೆದಕಿ ಕೇಳುತ್ತ ಹೋದೆ. ಕೊನೆಗೆ ಕೊಡ ತಿರುಗಿಸಿ ನೋಡಿದರೆ ಅದರ ಮೇಲೆ ‘ಅಮರೇಗೌಡ, ಸಂತೆಕಲ್ಲೂರು’ ಎಂದಿತ್ತು. ಅವರು ಕೊಡವನ್ನು ಮುಟ್ಟಲೂ ಇಲ್ಲ. ಸ್ಟೀಲಿನ ಮೇಲೆ ಕೊರೆದದ್ದು ಎಷ್ಟು ಉಜ್ಜಿದರೂ ಹೋಗುವಂಥದ್ದಲ್ಲ. ಇಂಥ ಪಾತ್ರೆಗಳೆಲ್ಲ ಸೀದಾ ನಮ್ಮ ಅಡುಗೆಮನೆಗೆ ಬರುತ್ತವೆ. ಹಾಗಾಗಿ ನಾವು ನೀರು ಕುಡಿಯುವುದು ಅಮರೇಗೌಡರ ಕೊಡದ್ದು, ಅನ್ನ ಬೇಯುವುದು ಹಿಂದಿನ ಓಣಿಯ ಹುಸೇನಬಿಯ ಹೆಸರಿನ ಬೋಗಾಣಿಯಲ್ಲಿ. ನಾನು ಉಣ್ಣುವ ಗಂಗಾಳದಲ್ಲಿ ಅನ್ನ ಸರಿಸಿದರೆ ಲಿಂಗಸುಗೂರಿನ ನಿವೃತ್ತ ಹೆಡ್‌ಮಾಸ್ತರರ ಹೆಸರು ಕಾಣುತ್ತದೆ. ಅವರು ನನಗೆ ಲೆಕ್ಕ ಕಲಿಸಿದವರು. ಆ ಹೆಸರು ಕಂಡರೆ ಈಗಲೂ ತುತ್ತು ಎಣಿಸಿಕೊಂಡು ಉಣ್ಣುತ್ತೇನೆ.

ನನ್ನ ಹೆಂಡತಿ ಶರಣಮ್ಮನಿಗೆ ಇದೊಂದು ದೊಡ್ಡ ಕೊರಗು. ತವರಿನಿಂದ ತಂದ ಪಾತ್ರೆಗಳನ್ನು ಆಕೆ ಮಗಳ ಮದುವೆಯಲ್ಲಿ ಮಗಳಿಗೇ ಕೊಟ್ಟು ಕಳಿಸಿದ್ದಳು. ಪಾತ್ರೆ ಅಂಗಡಿಯವನನ್ನು ಕಟ್ಟಿಕೊಂಡೂ ತನ್ನ ಹೆಸರಿನದೊಂದು ಚಮಚೆಯೂ ಇಲ್ಲವಲ್ಲ ಎಂದು ಆಗಾಗ ಅನ್ನುತ್ತಿದ್ದಳು. ನಾಳೆ ಹಾಕಿಕೊಡುತ್ತೇನೆ ಎಂದು ನಾನೂ ಆಗಾಗ ಅನ್ನುತ್ತಿದ್ದೆ.

ಹೀಗಿರುವಾಗ ಎದುರುಮನೆಯ ವೀರಭದ್ರಪ್ಪನವರ ಮೊಮ್ಮಗನ ತೊಟ್ಟಿಲು ಕಾರ್ಯಕ್ರಮ ಬಂತು. ಓಣಿಯವರೆಲ್ಲ ಅಷ್ಟಿಷ್ಟು ಪಾತ್ರೆ ಕೊಟ್ಟರು. ಶರಣಮ್ಮನದು ದೊಡ್ಡ ಕೈ, ಅಡುಗೆಮನೆಯನ್ನೇ ಖಾಲಿ ಮಾಡಿ ಕೊಟ್ಟಳು. ಕಾರ್ಯಕ್ರಮ ಮುಗಿದ ಮೇಲೆ ಪಾತ್ರೆ ಮುಟ್ಟಿಸುವ ಹೊಣೆ ಬಿದ್ದದ್ದು ವೀರಭದ್ರಪ್ಪನವರ ಅಳಿಯನ ಮೇಲೆ. ಸಿಂಧನೂರಿನ ಆ ಅಳಿಯ ಶಿಸ್ತಿಗೆ ಹೆಸರಾದ ಮನುಷ್ಯ, ಕುಡಿದ ನೀರಿನ ಲೋಟವನ್ನೂ ಬೋರಲು ಹಾಕಿ ಇಡುವವನು. ಪಾತ್ರೆಗಳನ್ನು ತೊಳೆಸಿ, ಒರೆಸಿ, ಹೆಸರು ಓದಿ ಓದಿ ಆಟೋದಲ್ಲಿ ತುಂಬಿಕೊಂಡು ಯಾರ ಪಾತ್ರೆಯನ್ನು ಅವರವರ ಮನೆಗೆ ಮುಟ್ಟಿಸಿದ. ಸಂತೆಕಲ್ಲೂರಿಗೂ ಹೋದ, ಲಿಂಗಸುಗೂರಿಗೂ ಹೋದ. ನಮ್ಮ ಮನೆಗೆ ಮಾತ್ರ ಬರಲಿಲ್ಲ. ನಮ್ಮ ಹೆಸರಿನದು ಒಂದೂ ಇರಲಿಲ್ಲವಲ್ಲ.

ಅಂಗಡಿಯಿಂದ ಹೊಸವನ್ನೇ ತರುತ್ತೇನೆ ಎಂದು ಸಮಾಧಾನ ಹೇಳಹೋದೆ. ಶರಣಮ್ಮ ಒಲೆಯ ಮುಂದಿನಿಂದ ಎದ್ದು ಹೊರಗೆ ಕಟ್ಟೆಯ ಮೇಲೆ ಕೂತಳು.

“ಹೊಸವು ಆಮ್ಯಾಲ. ಆ ಬೋಗಾಣ್ಯಾಗ ಒಂದಿನಾನೂ ಅನ್ನ ಹೊತ್ತಿಲ್ಲ. ಮೊದ್ಲ ನನ್ನವು ತರ್ರಿ, ಆಮ್ಯಾಲ ಒಲಿ ಹಚ್ತೀನಿ” ಅಂದಳು.

ಹೊಟ್ಟೆಯ ಪ್ರಶ್ನೆ. ಮೊದಲು ಹುಸೇನಬಿಯ ಮನೆಗೆ ಓಡಿದೆ. ಬೋಗಾಣಿಯಲ್ಲಿ ಆಗಲೇ ಬೇಳೆ ಕುದಿಯುತ್ತಿತ್ತು. ನಾನು ನನ್ನ ಬಾಯಿ, ಕೈ, ವೈರಿನ ಕಥೆಯನ್ನೆಲ್ಲ ಹೇಳಿದೆ. ಆಕೆ ಪಾಪ, ಪೂರ್ತಿ ಕೇಳಿಸಿಕೊಂಡಳು.

“ಅದೆಲ್ಲಾ ಖರೇ ಇರಬೋದು ಭಾಯ್. ಆದ್ರ ಹೆಸರು ನಂದೇ ಐತಲ್ಲ?” ಅಂದಳು.

ಆ ಹೆಸರನ್ನು ಬರೆದವನೇ ನಾನು. ಸಂತೆಕಲ್ಲೂರಿಗೆ ಹೋದರೆ ಅಲ್ಲಿಯದು ಇನ್ನೊಂದು ಫಜೀತಿ. ಅಂದು ಕೊಡ ಮುಟ್ಟದೆ ಹೋಗಿದ್ದ ತಮ್ಮನೇ ಜಗಳ ಮರೆತು ಅದನ್ನು ಕಳಿಸಿದ್ದಾನೆಂದು ತಿಳಿದು ಅಮರೇಗೌಡರು ಕಣ್ಣೀರು ಹಾಕಿಕೊಂಡು ಬದುವನ್ನೇ ಬಿಟ್ಟುಕೊಟ್ಟಿದ್ದರು. ಅಣ್ಣತಮ್ಮ ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ ತಿನ್ನುತ್ತಿದ್ದರು. ತಮ್ಮ ನನ್ನನ್ನು ಕಂಡವನೇ ಅಣ್ಣನ ಬೆನ್ನ ಹಿಂದಿನಿಂದ ಎರಡೂ ಕೈ ಮುಗಿದ. ನಾನು ನಾಲ್ಕು ಮಿರ್ಚಿ ತಿಂದು, ಕೊಡದ ಸುದ್ದಿಯನ್ನೇ ಎತ್ತದೆ ಲಿಂಗಸುಗೂರಿನ ಬಸ್ಸು ಹತ್ತಿದೆ. ಹೆಡ್‌ಮಾಸ್ತರರು ಶಿಷ್ಯನ ಗುರುಭಕ್ತಿಯನ್ನು ಬಹಳ ಹೊಗಳಿದರು. ಆಮೇಲೆ ಗಂಗಾಳವನ್ನು ಬೆಳಕಿಗೆ ಹಿಡಿದು, ಗುರುವಿಗೆ ಕೊಡುವಾಗ ಯಾರಾದರೂ ಬಳಸಿದ್ದನ್ನು ಕೊಡುತ್ತಾರೇನು ಎಂದು ಕೇಳಿದರು. ಹೊಸದನ್ನು ಕಳಿಸುತ್ತೇನೆ ಎಂದು ಒಪ್ಪಿಕೊಂಡು, ಹಳೆಯದನ್ನೂ ಅಲ್ಲೇ ಬಿಟ್ಟು ಬಂದೆ.

ಬರಿಗೈಯಲ್ಲಿ ಬಂದವನನ್ನು ಶರಣಮ್ಮ ಬೈಯಲಿಲ್ಲ. ನನಗೆ ಹೆದರಿಕೆಯಾದದ್ದೇ ಆಗ. ಮರುದಿನ ಬೆಳಿಗ್ಗೆ ಅಂಗಡಿಗೆ ಬಂದು ತನಗೆ ಬೇಕಾದ ಪಾತ್ರೆಗಳನ್ನೆಲ್ಲ ಇಳಿಸಿ ಸಾಲಾಗಿ ಇಟ್ಟಳು. ಎಲೆ-ಅಡಿಕೆ ಮಡಿಸಿ ನನ್ನ ಬಾಯಿಗೆ ಎರಡೂ ಗಲ್ಲ ಉಬ್ಬುವಂತೆ ತುಂಬಿದಳು. ಕೊನೆಯ ತಂಬಿಗೆ ಮುಗಿಯುವವರೆಗೂ ಉಗುಳಲು ಬಿಡಲಿಲ್ಲ. ಎಲ್ಲದರ ಮೇಲೂ ‘ಶರಣಮ್ಮ, ಮಸ್ಕಿ’ ಎಂದು ಬಿತ್ತು, ಒಂದೂ ತಪ್ಪಲಿಲ್ಲ. ಆ ದಿನ ಮನೆಯಲ್ಲಿ ಹೋಳಿಗೆಯೂಟ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅದೇ ವೀರಭದ್ರಪ್ಪನವರು ಮನೆಯ ಮೇಲೊಂದು ಮನೆ ಕಟ್ಟಿಸಿ ಓಪನಿಂಗ್ ಇಟ್ಟುಕೊಂಡು ಊರಿನ ಓಣಿ ಓಣಿಗಳಿಂದ ಪಾತ್ರೆ ತರಿಸಿದರು. ಶರಣಮ್ಮ ಈ ಸಲ ಎದೆಯುಬ್ಬಿಸಿಕೊಂಡೇ ಅಡುಗೆಮನೆ ಖಾಲಿ ಮಾಡಿದಳು. ಮರುದಿನ ಅದೇ ಅಳಿಯ ಆಟೋ ತುಂಬಿಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿದ.

“ನೋಡ್ಕೊಳ್ರಿ ಅಕ್ಕಾರ, ನಿಮ್ಮವು ಒಂದೂ ತಪ್ಪಿಲ್ಲ” ಅಂದ.

ಇಳಿಸಿದಷ್ಟೂ ಇಳಿಯುತ್ತಲೇ ಇದ್ದವು. ಮಸ್ಕಿಯಲ್ಲಿ ಯಾವ ಓಣಿಯಲ್ಲಿ ಶರಣಮ್ಮ ಇಲ್ಲ? ಅವರಿಗೆಲ್ಲ ಹೆಸರು ಹಾಕಿಕೊಟ್ಟವನೂ ನಾನೇ, ಎಲ್ಲವೂ ಒಂದೇ ದುಂಡು ಅಕ್ಷರ. ನಮ್ಮವಲ್ಲದ್ದನ್ನು ವಾಪಸು ಕೊಟ್ಟುಬಿಡೋಣ ಎಂದೆ. ಶರಣಮ್ಮ ಒಂದು ದೊಡ್ಡ ಬೋಗಾಣಿಯನ್ನು ಮಡಿಲಲ್ಲಿಟ್ಟುಕೊಂಡು ಹೆಸರಿನ ಮೇಲೆ ಬೆರಳಾಡಿಸುತ್ತಿದ್ದಳು.

“ಹೆಸರು ನಂದೇ ಐತಲ್ರಿ?” ಅಂದಳು.

ಈಗ ದಿನಕ್ಕೊಬ್ಬ ಶರಣಮ್ಮ ತನ್ನ ಪಾತ್ರೆ ಎಲ್ಲಿ ಹೋಯಿತೆಂದು ವಿಚಾರಿಸಿಕೊಂಡು ಅಂಗಡಿಗೆ ಬರುತ್ತಾಳೆ. ಓಣಿಯ ತಿರುವಿನಲ್ಲಿ ಅವರ ಸೆರಗು ಕಂಡರೆ ಸಾಕು, ನಾನು ಎಲೆ-ಅಡಿಕೆ ಮಡಿಸಿ ಎರಡೂ ಗಲ್ಲಕ್ಕೆ ತುಂಬಿಕೊಳ್ಳುತ್ತೇನೆ. ಇವನಿಗೆ ಈಚೆಗೆ ಮಾತು ಕಡಿಮೆಯಾಗಿ ಕೆಲಸದಲ್ಲಿ ಭಯಭಕ್ತಿ ಬಂದಿದೆ ಎಂದು ಊರಲ್ಲಿ ನನಗೆ ಒಳ್ಳೆಯ ಹೆಸರು ಬಂದಿದೆ.