ಹಿತ್ತಲ ಹುಲ್ಲು

ಗುಂಡನ ಹೊಟ್ಟೆಯ ಮೇಲಿನ ಕೂದಲು ಉದುರಿ ಕೆಂಪು ಗುಳ್ಳೆಗಳೆದ್ದವು. ತೂಕ-ಅಳತೆ ಇನ್‌ಸ್ಪೆಕ್ಟರ ಸಂಕಟ ಅಲ್ಲಿಂದಲೇ ಆರಂಭವಾಯಿತು. ಅಂಗಡಿಗಳ ತಕ್ಕಡಿಯಲ್ಲಿ ಕೂದಲೆಳೆಯಷ್ಟು ಸುಳ್ಳನ್ನೂ ಸಹಿಸದ ಈ ಮಹನೀಯರು, ಮನೆಯಲ್ಲಿ ಮಾತ್ರ ಒಂದು ನಾಯಿಯ ಜೊತೆಗೆ ಒಂದು ಸುಳ್ಳನ್ನೂ ಸಾಕಿಕೊಂಡಿದ್ದರು. ಹಿತ್ತಲ ತಗಡಿನ ಸೂರಿನಡಿ ಹುಲ್ಲು ಹಾಸಿದೆ, ನಾಯಿ ಅಲ್ಲೇ ಇರಬೇಕು, ಹೊಸ್ತಿಲು ದಾಟಿದರೆ ತಮ್ಮನ ಮನೆಗೆ ಸಾಗಹಾಕುತ್ತೇನೆ ಎಂಬುದು ಶ್ರೀಮತಿಯವರ ಆಜ್ಞೆ. ಗುಂಡನೋ, ಆಕೆ ಹೊಲಿಗೆ ತರಗತಿಗೆ ಹೊರಟ ಕೂಡಲೇ, ರಾತ್ರಿಯಾದರೆ ಆಕೆಗೆ ನಿದ್ದೆ ಹತ್ತಿದ ಕೂಡಲೇ, ಯಜಮಾನರ ಹಾಸಿಗೆಯೇರಿ ನಿವೃತ್ತ ಅಧಿಕಾರಿಯಂತೆ ಗೊರಕೆ ಹೊಡೆಯುತ್ತಿದ್ದ.

ಕೇಳದೆ ಬುದ್ಧಿ ಹೇಳುವವರನ್ನು ದಂಡಿಸಲು ಕಾಯಿದೆಯೇ ಇಲ್ಲದಿರುವುದು ಸಮಾಜದ ದೌರ್ಭಾಗ್ಯ. ಎದುರುಮನೆಯ ಲೈನ್‌ಮನ್ ಗಂಧಕ ಬಳಿದ. ಪಕ್ಕದ ಮನೆಯ ದರ್ಜಿ ಹೊಗೆಸೊಪ್ಪಿನ ನೀರು ಸುರಿದ. ಹತ್ತು ಗಂಟೆಯ ಹೊತ್ತಿಗೆ ಗುಂಡ ಚುನಾವಣೆ ಮುಗಿದ ಊರಿನ ಗೋಡೆಯಂತೆ ಕಾಣುತ್ತಿದ್ದ. ಎಲ್ಲರೂ ಆಸ್ಪತ್ರೆಗೆ ನಡೆದರು.

ಪಶುವೈದ್ಯೆ ಮೊದಲು ಆ ಇಬ್ಬರು ಪಂಡಿತರನ್ನು ಗದರಿಸಿ, ಅನಂತರ ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಒದ್ದೆಯಾಗಿ ಕೊಳೆತ ಹುಲ್ಲಿನ ಹುಳುಗಳು ಚರ್ಮ ಹೊಕ್ಕಿದ್ದವು. ಮಾತ್ರೆ, ಔಷಧಿಯ ಸ್ನಾನ, ಒಣ ಜಾಗ ಇಷ್ಟಿದ್ದರೆ ಸಾಕು. ಆದರೆ ಆ ಹುಲ್ಲನ್ನು ಸುಡದಿದ್ದರೆ ಎಲ್ಲವೂ ವ್ಯರ್ಥ ಎಂದರು.

“ಎಲ್ಲಿ ಮಲಗುತ್ತೆ ಇದು?”

ಶ್ರೀಮತಿಯವರು ಪಕ್ಕದಲ್ಲೇ ನಿಂತಿದ್ದರು.

“ಹಿತ್ತಲಲ್ಲಿ, ಹುಲ್ಲಿನ ಮೇಲೆ. ಮನೆಯೊಳಗೆ ಕಾಲೇ ಇಟ್ಟಿಲ್ಲ,” ಎಂದರು ಇನ್‌ಸ್ಪೆಕ್ಟರು.

ಮನೆಗೆ ಬಂದೊಡನೆ ಲೈನ್‌ಮನ್ ಕಡ್ಡಿ ಗೀರಿದ. ದರ್ಜಿ ಹುಲ್ಲನ್ನು ಮುಟ್ಟಿ ನೋಡಿ ಅವನ ಕೈ ಹಿಡಿದ.

“ಇದು ಗರಿಗರಿಯಾಗಿದೆಯಲ್ಲ ಸಾರ್. ಇದ್ರ ಮೇಲೆ ಯಾರೂ ಮಲಗಿದ ಹಾಗೇ ಇಲ್ಲ. ಒದ್ದೆ ಹುಲ್ಲು ಎಲ್ಲಿ?”

ಈಗ ಹುಳ ಎಲ್ಲರ ತಲೆಗೂ ಹೊಕ್ಕಿತು. ಗುಂಡ ಕೆರೆದುಕೊಳ್ಳುತ್ತ ಮುಲುಗಿದ. ಇನ್‌ಸ್ಪೆಕ್ಟರ ಆತ್ಮಸಾಕ್ಷಿ ತಕ್ಕಡಿಯ ಮುಳ್ಳಿನಂತೆ ನಡುಗಿತು: ಬಾಯಿ ಬಿಟ್ಟರೆ ಗುಂಡ ಮನೆಯಲ್ಲುಳಿಯುವುದಿಲ್ಲ, ಬಿಡದಿದ್ದರೆ ಗುಂಡನ ಮೈಮೇಲೆ ಚರ್ಮವುಳಿಯುವುದಿಲ್ಲ. ಕಡೆಗೆ ಸತ್ಯವೇ ಭಾರವಾಯಿತು.

“ನನ್ನ ಹಾಸಿಗೇಲಿ,” ಎಂದರು ಮೆಲ್ಲಗೆ.

ಮಳೆಗೆ ಸೋರುವ ಮೂಲೆಯಲ್ಲಿದ್ದ ಅವರ ಹುಲ್ಲು ತುಂಬಿದ ಹಾಸಿಗೆ ಹೊರಬಂದಿತು. ಹೊಲಿಗೆ ಬಿಚ್ಚಿದ ದರ್ಜಿ ಮೂಗು ಮುಚ್ಚಿಕೊಂಡ. ಲೈನ್‌ಮನ್ ಬೆಂಕಿಯಿಟ್ಟ. ಗುಂಡ ಇನ್ನು ಭಾವಮೈದುನನ ಪಾಲೆಂದು ಇನ್‌ಸ್ಪೆಕ್ಟರು ಕಣ್ಣೊರೆಸಿಕೊಂಡರು.

ಶ್ರೀಮತಿಯವರು ಗುಂಡನ ತಲೆ ಸವರಿದರು. “ಅದೇನೂ ಸುಳ್ಳು ಹೇಳಿಲ್ವಲ್ಲ, ಪಾಪ. ಒಣ ಜಾಗ ಬೇಕಂತೆ. ಮನೇಲಿ ಸೋರದೇ ಇರೋದು ನನ್ನ ಮಂಚ ಒಂದೇ. ಬಾರೋ ಗುಂಡ.”

“ಮತ್ತೆ ನಾನು?”

“ಹಿತ್ತಲ ಹುಲ್ಲು ಗರಿಗರಿಯಾಗಿದೆಯಂತಲ್ಲ ರೀ. ಒಳಗೆ ಮಾತ್ರ ಕಾಲಿಡಬೇಡಿ.”