ಸೂರ್ಯಕಾಂತನ ವಿಂಚ್

ಎದುರುಮನೆಯ ಲಲಿತಾಬಾಯಿಯವರು ಮಾಳಿಗೆಯಿಂದ ಒಣಗಲು ಬಿಟ್ಟ ಒದ್ದೆ ಸೀರೆ ಆ ದಿನ ಬೆಳಿಗ್ಗೆ ಒಂದು ಗೇಣು ಹೆಚ್ಚಿಗೆ ಜೋತುಬಿದ್ದಿದ್ದೇ ಎಲ್ಲಕ್ಕೂ ಕಾರಣ. ಉಮರ್ಗಾದ ಬಟ್ಟೆ ವ್ಯಾಪಾರಿ ಸೂರ್ಯಕಾಂತ ತನ್ನ ಪಿಕಪ್ ಗಾಡಿಯನ್ನು ಗಲ್ಲಿಯಲ್ಲಿ ತಿರುಗಿಸುವಾಗ, ಹಿಂದೆ ಹೊಸದಾಗಿ ಕೂರಿಸಿದ್ದ ಎಳೆಯುವ ಕೊಂಡಿ ಆ ಸೀರೆಯನ್ನು ಹಿಡಿದುಕೊಂಡಿತು. ಅವನಿಗೆ ಗೊತ್ತಾಗಲಿಲ್ಲ. ಒಂಬತ್ತು ಗಜದ ಹಸಿರು ಸೀರೆಯನ್ನು ಎಳೆದುಕೊಂಡೇ ಬಸ್ ಸ್ಟ್ಯಾಂಡಿನವರೆಗೆ ಹೋದ. ದಾರಿಯುದ್ದಕ್ಕೂ ಜನ ಕೈ ಬೀಸಿದರು. ಗಾಡಿ ನೋಡಿ ಖುಷಿಪಟ್ಟಿದ್ದಾರೆ ಎಂದುಕೊಂಡು ಇವನೂ ಬೀಸಿದ.

ಆ ಗಾಡಿಯೆಂದರೆ ಅವನಿಗೆ ಪಂಚಪ್ರಾಣ. ಎಂಟು ತಿಂಗಳ ಹಿಂದೆ ಯಾರೋ ಬಳಸಿದ್ದನ್ನು ಕೊಂಡಿದ್ದ. ನಾಲ್ಕೂ ಚಕ್ರ ತಿರುಗಿಸಿ ಕೆಸರಿನಲ್ಲಿ ಓಡುವ ಗಾಡಿ. ಆಮೇಲೆ ಮೆಕ್ಯಾನಿಕ್ ಬಾಳುವಿನ ಗ್ಯಾರೇಜಿನಲ್ಲಿ ಒಂದೊಂದೇ ಒಡವೆ ಏರಿತು. ತಲೆಯ ಮೇಲೆ ನಾಲ್ಕು ದೀಪ, ನೀರಿನಲ್ಲಿ ಮುಳುಗಿದರೂ ಉಸಿರಾಡಲು ಒಂದು ಉದ್ದ ಕೊಳವೆ, ಮುಂದೆ ಉಕ್ಕಿನ ಹಗ್ಗ ಸುತ್ತಿದ ವಿಂಚ್. ಗುಂಡಿ ಒತ್ತಿದರೆ ಹಗ್ಗ ತಾನೇ ಸುತ್ತಿಕೊಂಡು ಎಂಥ ಗಾಡಿಯನ್ನೂ ಹಳ್ಳದಿಂದ ಎಳೆಯುತ್ತದೆ. ಆದರೆ ಮನೆಯಿಂದ ಅವನ ಅಂಗಡಿಗೆ ಇನ್ನೂರು ಹೆಜ್ಜೆ, ಅದೂ ಸಿಮೆಂಟು ರಸ್ತೆ.

ಸೀರೆಯ ಜೊತೆ ಮನೆಗೆ ಬಂದಾಗ ಹೆಂಡತಿ ಜಗದೇವಿ ಬಾಗಿಲಲ್ಲೇ ನಿಂತಿದ್ದಳು.

"ಸಾಕಾತ್ರೀ ನನಗ. ಎಂಟು ತಿಂಗಳದಾಗ ಆ ವಿಂಚ್ ಒಂದು ಆಡಿನ ಮರಿನರ ಎಳದದೇನು? ಎಳದಿದ್ದು ಲಲಿತಾಬಾಯಿ ಸೀರಿ! ನಮ್ಮಣ್ಣ ಉದಗೀರದಾಗ ಗಿರಾಕಿ ನೋಡ್ಯಾನ. ಫೋಟೋನೂ ಕಳಸ್ಯಾನ. ಇವತ್ತ ನಾಕಕ್ಕ ಬರ್ತಾರ."

ಸೂರ್ಯಕಾಂತ ಸೀರೆ ಮಡಚುತ್ತಲೇ ಬೇಡಿಕೊಂಡ. "ಹಂಗ ಅನಬ್ಯಾಡ ಜಗದೇವಿ. ಮಳಿಗಾಲದಾಗ ಮಂದಿಗಿ ಎಷ್ಟ ಕೆಲಸಕ್ಕ ಬರ್ತದ ಗೊತ್ತದ ಏನು?"

"ಹಂಗಾದ್ರ ನಾಕರ ಒಳಗ ಸಿಕ್ಕಿಬಿದ್ದದ್ದು ಒಂದು ಗಾಡಿ ಎಳದು ತೋರಸ್ರಿ. ಬಂದ ಗಿರಾಕಿಗಿ ಚಾ ಕುಡಿಸಿ ವಾಪಸ್ ಕಳಸ್ತೀನಿ. ಇಲ್ಲಂದ್ರ ಗಾಡಿ ಅವರದು."

ಅವಳು ಆಡಿದರೆ ಆಡಿದಂತೆಯೇ. ಸೂರ್ಯಕಾಂತ ಅಂಗಡಿಯಿಂದ ಒಂದು ದಪ್ಪ ಸೊಲ್ಲಾಪುರ ಚಾದರು ಎತ್ತಿಕೊಂಡು ಗಾಡಿ ಏರಿದ. ಕರೆಯದೆಯೇ ನೆರೆಮನೆಯ ಗುರಣ್ಣನೂ ಏರಿದ. ಮೂವತ್ತು ವರ್ಷ ಕಾಳು ಮಾರುವ ಅಡತ್ ಅಂಗಡಿಗಳಲ್ಲಿ ದಲ್ಲಾಳಿಯಾಗಿದ್ದವನು. ಸುಮ್ಮನಿರುವುದು ಅವನ ಹಣೆಯಲ್ಲಿ ಬರೆದಿರಲಿಲ್ಲ.

"ಚಾದರ್ ಯಾಕೋ ಸೂರ್ಯಾ? ಮಲಗಾಂವಾ ಏನು?"

"ಎಳಿಯುವಾಗ ಹಗ್ಗದ ಮ್ಯಾಲ ಹಾಕಬೇಕು ಗುರಣ್ಣ. ಹಗ್ಗ ಹರದ್ರ ಚಾಬೂಕಿನಂಗ ಬಂದು ಹೊಡೀತದ. ಚಾದರ್ ಇದ್ರ ಅಲ್ಲೇ ಕೆಳಗ ಬೀಳ್ತದ."

ಹೆದ್ದಾರಿಯಲ್ಲಿ ಒಂದು ಲಾರಿ ನಿಂತಿತ್ತು, ಅದರ ಕೆಳಗಿನಿಂದ ಎರಡು ಕಾಲು ಕಾಣುತ್ತಿದ್ದವು. ಸೂರ್ಯಕಾಂತ ಸಂತೋಷದಿಂದ ಓಡಿದ. "ಏನ್ ಕೆಟ್ಟದ ಭಾಯಿ?"

"ಏನೂ ಕೆಟ್ಟಿಲ್ರೀ," ಎಂದಿತು ಲಾರಿಯ ಕೆಳಗಿನ ದನಿ. "ನಿದ್ದಿ ಹತ್ತಿತ್ತು, ನೀವು ಕೆಡಸಿದ್ರಿ."

ಮಂದಿಯ ಗಾಡಿ ಕೆಡಲಿ ಎಂದು ಸೂರ್ಯಕಾಂತ ದೇವರನ್ನು ಬೇಡಿಕೊಂಡಿದ್ದು ಅದೇ ಮೊದಲು. ನಿಲಂಗಾ ರಸ್ತೆ ಹಿಡಿದ ಮೇಲೆ ದೇವರು ಒಂದು ಆಟೋವನ್ನು ಚರಂಡಿಗೆ ಇಳಿಸಿಕೊಟ್ಟ. ಸೂರ್ಯಕಾಂತ ತನ್ನ ಗಾಡಿಯ ಚಕ್ರಕ್ಕೆ ಕಲ್ಲು ಕೊಡುವಷ್ಟರಲ್ಲಿ ಗುರಣ್ಣ ಹಗ್ಗದ ಕೊಕ್ಕೆಯನ್ನು ಆಟೋದ ಮುಂದಿನ ಕಂಬಿಗೆ ಸಿಕ್ಕಿಸಿಬಿಟ್ಟಿದ್ದ.

"ಅಲ್ಲಲ್ಲ, ಕೆಳಗ ಚಾಸಿಗಿ, ಗಾಡಿ ಚೌಕಟ್ಟಿಗಿ ಹಾಕಬೇಕು!"

"ಈ ರಾಡ್ ಭಾಳ ಗಟ್ಟಿ ಅದ. ಒತ್ತು ನೀ!"

ಒತ್ತಿದ. ವಿಂಚ್ ಗುಂಯ್ ಎಂದಿತು. ಕಂಬಿ ಕಿತ್ತುಕೊಂಡು ದೀಪದ ಸಮೇತ ಬಂತು. ಆಟೋ ಮಾತ್ರ ಚರಂಡಿಯಲ್ಲೇ ಕೂತಿತ್ತು.

"ಗಾಡಿ ಎಳೀರಿ ಅಂದ್ರ ಮಾರಿನೇ ಕಿತ್ತೀರಲ್ರೀ!" ಎಂದು ಆಟೋದವನು ಬೊಬ್ಬೆ ಹಾಕಿದ. ಗದ್ದಲ ಕೇಳಿ ಬಂದ ನಾಲ್ಕು ಜನ ಆಟೋವನ್ನು ಕೈಯಲ್ಲೇ ಎತ್ತಿ ರಸ್ತೆಗಿಟ್ಟು, ಕೈ ಒರೆಸಿಕೊಂಡು ಹೋದರು. ಸೂರ್ಯಕಾಂತನಿಗೆ ಅಳುವೊಂದು ಬಾಕಿ.

ಎರಡೂವರೆಯಾಯಿತು. ಮುಂದೆ ಸೇತುವೆ ಕೆಲಸ ನಡೆದಿದ್ದ ಕಡೆ ರಸ್ತೆಯನ್ನು ಹೊಲದ ಬದಿಗೆ ತಿರುಗಿಸಿದ್ದರು. ಅಲ್ಲಿ ಕರಿಮಣ್ಣಿನ ಕೆಸರಿನಲ್ಲಿ ಒಂದು ಬಿಳಿ ಕಾರು ಹೊಟ್ಟೆಯವರೆಗೆ ಹೂತಿತ್ತು. ಪಕ್ಕದಲ್ಲಿ ಧೋತರ ಎತ್ತಿ ಕಟ್ಟಿ, ತಲೆಗೆ ರುಮಾಲು ಸುತ್ತಿದ ಹಿರಿಯರೊಬ್ಬರು ನಿಂತಿದ್ದರು. ಪಿಕಪ್ ಕಂಡದ್ದೇ ಅವರ ಮುಖ ಅರಳಿತು.

"ಬರ್ರಿ ಸಾವಕಾರ್ರ, ಬರ್ರಿ! ಅರ್ಧಾ ದಾರಿಗೇ ಎದುರು ಬಂದ್ರಿ, ದೊಡ್ಡ ಮನಸು ನಿಮ್ಮದು. ನಾ ನಾಗನಾಥಪ್ಪ, ದೇವಣಿ ಎತ್ತಿನ ವ್ಯಾಪಾರ ನಮ್ಮದು."

"ಇಂಥಾ ಹೊತ್ತಿನ್ಯಾಗ ಬರದಿದ್ರ ಹ್ಯಾಂಗ್ರೀ," ಎಂದ ಸೂರ್ಯಕಾಂತ.

ಈ ಸಲ ಗುರಣ್ಣನಿಗೆ ಏನನ್ನೂ ಮುಟ್ಟಗೊಡಲಿಲ್ಲ. ಪಿಕಪ್ಪನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟ. ಕಾರಿನ ಕೆಳಗೆ ಕೆಸರಿನಲ್ಲಿ ಮಲಗಿ, ಎಳೆಯಲೆಂದೇ ಇರುವ ಬಳೆ ಹುಡುಕಿ ಕೊಕ್ಕೆ ಹಾಕಿದ. ಹಗ್ಗದ ಮೇಲೆ ಚಾದರು ಹೊದಿಸಿ ಇಬ್ಬರನ್ನೂ ಇಪ್ಪತ್ತು ಹೆಜ್ಜೆ ದೂರ ಅಟ್ಟಿದ. ಆಮೇಲೆ ಮೆಲ್ಲಗೆ, ತುಸು ತುಸುವೇ ಎಳೆದ. ಕಾರು ಪಚಕ್ಕೆಂದು ಕೆಸರಿನಿಂದ ಬಿಡಿಸಿಕೊಂಡು ರಸ್ತೆಗೆ ಹತ್ತಿತು. ಸೂರ್ಯಕಾಂತನಿಗೆ ಕುಣಿಯಬೇಕೆನಿಸಿತು.

ಹಗ್ಗ ಸುತ್ತಿ, ಚಾದರನ್ನು ಬಲಗೈ ಮೇಲೆ ಹಾಕಿಕೊಂಡು ನಿಂತಿದ್ದಾಗ ನಾಗನಾಥಪ್ಪ ಹತ್ತಿರ ಬಂದರು. ಪಿಕಪ್ಪನ್ನು ಒಂದು ಸುತ್ತು ನೋಡಿ, ಮಾತಿಲ್ಲದೆ ಚಾದರಿನ ಕೆಳಗೆ ಕೈ ತೂರಿಸಿ, ಅವನ ನಾಲ್ಕು ಬೆರಳು ಹಿಡಿದು ಗಟ್ಟಿಯಾಗಿ ಅದುಮಿದರು. ಹಿರಿಯರ ಉಪಕಾರಸ್ಮರಣೆಗೆ ಸೂರ್ಯಕಾಂತನ ಕಣ್ಣು ತುಂಬಿ ಬಂತು. ಅವನೂ ಅಷ್ಟೇ ಗಟ್ಟಿಯಾಗಿ ಅದುಮಿ, ತಲೆ ಬಾಗಿಸಿದ. ಬೆಳಗಿನಿಂದ ಬಾಯಿ ಮುಚ್ಚದ ಗುರಣ್ಣ ಆಗ ಮಾತ್ರ ಮುಖ ಆಚೆ ತಿರುಗಿಸಿ ಹೊಲ ನೋಡುತ್ತ ನಿಂತ.

"ಮನಿಗಿ ಬರ್ರಿ, ಚಾ ಕುಡೀರಿ," ಎಂದ ಸೂರ್ಯಕಾಂತ. ಹೆಂಡತಿಗೆ ತೋರಿಸಲು ಸಾಕ್ಷಿ ಬೇಕಿತ್ತು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಎರಡೂ ಗಾಡಿ ಗಲ್ಲಿಗೆ ಬಂದವು. ಕೆಸರು ಮೆತ್ತಿದ ಕಾರನ್ನೂ ಕೆಸರು ಮೆತ್ತಿದ ಗಂಡನನ್ನೂ ಜಗದೇವಿ ನೋಡಿದಳು. ನಡೆದದ್ದನ್ನೆಲ್ಲ ಕೇಳಿ ಅವಳಿಗೆ ನಗು ತಡೆಯಲಾಗಲಿಲ್ಲ. ಗಂಡನ ಮೇಲೆ ಹೆಮ್ಮೆಯೂ ಆಯಿತು.

"ಸೋತೆ ನಾ. ಗಾಡಿ ಮನ್ಯಾಗೇ ಇರಲಿ. ಆ ಉದಗೀರದವರು ಬರ್ತಾರ, ಕೈ ಮುಗದು ಕಳಸ್ತೀನಿ."

ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಳ್ಳುತ್ತಿದ್ದ ನಾಗನಾಥಪ್ಪ ತಲೆ ಎತ್ತಿದರು. "ಉದಗೀರದಾಂವ ನಾನೇ ಅಲ್ಲೇನವ್ವಾ! ಫೋಟೋ ನೋಡಿದ್ದಕ್ಕೇ ಗಾಡಿ ಗುರ್ತು ಹಿಡದೆ."

ಮೊದಲು ಸಾವರಿಸಿಕೊಂಡವಳು ಜಗದೇವಿ. "ತಪ್ಪು ತಿಳಕೋಬ್ಯಾಡ್ರಿ ಅಣ್ಣಾರ. ನಮಗ ಕೊಡಾದು ಇಲ್ಲ."

"ಕೊಡಾದು ಇಲ್ಲ ಅಂದ್ರ? ಸೌದಾ ಆಗಿ ಒಂದು ತಾಸ್ ಆತಲ್ಲ ತಾಯಿ. ಎತ್ತಿನ ಬಜಾರದಾಗ ಹ್ಯಾಂಗೋ ಹಂಗೇ, ಚಾದರಿನ ಅರಿವಿ ಕೆಳಗ ಬೆರಳು ಹಿಡದು ರೇಟ್ ಹೇಳಾದು. ನಾಕು ಬೆರಳು ಹಿಡದೆ, ನಾಕು ಲಾಖ್. ಒಪ್ಪದಾಂವಾ ಕೈ ಹಿಂದಕ್ಕ ತಗೋತಾನ. ನಿಮ್ಮ ಮನಿಯವರು ಎಷ್ಟ ಪ್ರೀತೀಲೆ ಅದುಮಿದ್ರು! ಕಣ್ಣಾಗ ನೀರು ಸುದ್ದಾ ತಂದ್ರು."

ಬಟ್ಟೆಯ ಅಂಗಡಿಯಲ್ಲಿ 'ಒಂದೇ ಬೆಲೆ' ಎಂದು ಬೋರ್ಡು ಹಾಕಿಕೊಂಡು ಜನ್ಮದಲ್ಲಿ ಯಾರೊಡನೆಯೂ ಚೌಕಾಸಿ ಮಾಡದ ಸೂರ್ಯಕಾಂತ ಗುರಣ್ಣನ ಕಡೆ ತಿರುಗಿದ. "ಗುರಣ್ಣ! ನಿನಗ ಗೊತ್ತಿತ್ತೇನು?"

"ಗೊತ್ತಿರದೇ ಏನು? ಮೂವತ್ತು ವರ್ಷದ ದಲ್ಲಾಳಿ ನಾ."

"ಮತ್ತ ಯಾಕ ಹೇಳಲಿಲ್ಲೋ ಮಾರಾಯ?"

ಗುರಣ್ಣನಿಗೆ ನಿಜವಾಗಿಯೂ ಬೇಸರವಾಯಿತು. "ಅರಿವಿ ಕೆಳಗ ಮಾತು ನಡದಾಗ ಮೂರನೇದಾಂವಾ ಬಾಯಿ ಹಾಕಬಾರದು, ಸೂರ್ಯಾ. ನಾ ಅಂಥಾಂವಾ ಅಲ್ಲ."

ಜಗದೇವಿ ಗಂಡನನ್ನು ಒಂದು ಕ್ಷಣ ನೋಡಿದಳು. ಆಡಿದ ಮಾತು ಅವಳಿಗೆ ಆಡಿದ ಮಾತೇ, ಯಾರು ಆಡಿದರೂ ಸರಿ.

"ಐದು ಲಾಖಿಗಿ ಕೊಡಾದು ಅಂತ ಹೇಳಿದ್ನಿ ನಮ್ಮಣ್ಣಗ," ಎಂದಳು. "ಇರಲಿ. ಕೀಲಿ ತಗೀರಿ. ಸೌದಾ ಮಾಡಿದ ಕೈಲೇ ಕೊಡ್ರಿ."